ಮೇಷ್ಟ್ರ ಕಿವಿಯೂ ಬೀಗರ ಟಿ.ಸಿ.ಯೂ

ಶಿಕಾರಿಪುರದ ನಮ್ಮ ಬೀದಿಯಲ್ಲಿ ನಿವೃತ್ತ ಪಿ.ಟಿ. ಮೇಷ್ಟ್ರು ಚಂದ್ರಶೇಖರಪ್ಪನವರಿಗೆ ಇದ್ದ ಶತ್ರು ಒಬ್ಬನೇ. ಅವನು ನಡೆದಾಡುವವನಲ್ಲ, ಹೊಡೆದಾಡುವವನೂ ಅಲ್ಲ. ಮೇಷ್ಟ್ರ ಗೇಟಿನ ಎದುರು ಎರಡು ಕಂಬಗಳ ನಡುವೆ ಕೂತು ಹಗಲೂ ರಾತ್ರಿ ‘ಗುಂಂಂ’ ಎನ್ನುತ್ತಿದ್ದ ಕರೆಂಟಿನ ಟ್ರಾನ್ಸ್‌ಫಾರ್ಮರ್. ನಮ್ಮ ಕಡೆ ಅದನ್ನು ಟಿ.ಸಿ. ಎನ್ನುತ್ತಾರೆ.

ನೌಕರಿಯಲ್ಲಿದ್ದಷ್ಟು ಕಾಲ ಈ ಟಿ.ಸಿ. ಮೇಷ್ಟ್ರ ಗಮನಕ್ಕೇ ಬಂದಿರಲಿಲ್ಲ. ಶಾಲೆಯ ಮೈದಾನದಲ್ಲಿ ಸೀಟಿ ಊದುವುದು, ಮೈಕಿನಲ್ಲಿ ಗುಡುಗುವುದು, ಮತ್ತೆ ಸೀಟಿ ಊದುವುದು, ಇದರಲ್ಲೇ ಸರ್ವಿಸ್ ಮುಗಿದಿತ್ತು. ನಿವೃತ್ತರಾಗಿ ಜಗಲಿಯ ಮೇಲೆ ಪೇಪರು ಹಿಡಿದು ಕೂತ ಮೇಲೆಯೇ ಕಿವಿಗೆ ಏನೋ ಬೀಳತೊಡಗಿತು. ಜೀರುಂಡೆಯೊಂದು ಬಾಡಿಗೆ ಕೊಡದೆ ಒಳಗೇ ಬಿಡಾರ ಹೂಡಿದಂತೆ ಒಂದೇ ಸಮನೆ ‘ಕೀಂಂಂ’. ಮೇಷ್ಟ್ರು ತಲೆಯೆತ್ತಿದರು. ಎದುರಿಗೆ ಟಿ.ಸಿ. ಕಂಡಿತು. ವಿಚಾರಣೆ ಅಲ್ಲಿಗೇ ಮುಗಿದು ತೀರ್ಪು ಹೊರಬಿತ್ತು.

“ಲೋಕಮ್ಮ, ಈ ಟಿ.ಸಿ. ಸದ್ದಿಗೆ ನನ್ ತಲೆ ಒಡದು ಹೋಗ್ತೈತೆ.”

“ಅದು ನಾವು ಮನೆ ಕಟ್ಟಿದಾಗ್ಲಿಂದ ಅಲ್ಲೇ ಐತಲ್ರೀ,” ಎಂದರು ಅವರ ಹೆಂಡತಿ ಲೋಕಮ್ಮ, ಅಕ್ಕಿ ಆರಿಸುತ್ತ.

“ಆಗ ಮೆತ್ತಗೆ ಅಂತಿತ್ತು. ಈಗ ಕೀಂ ಅಂತ ಕಿರುಚಾಕ್ ಹತ್ತೈತೆ.”

“ನಂಗೆ ಗುಂ ಅಂತ ಕೇಳ್ತೈತೆ. ಕೀಂ ಅಂತ ಎಲ್ಲೂ ಕೇಳವಲ್ದು.”

“ನಿನ್ ಕಿವಿ ಸರಿ ಇಲ್ಲ ಬಿಡು.”

(ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳುವ ಕಷ್ಟ ತೆಗೆದುಕೊಳ್ಳಬೇಕಿಲ್ಲ. ಲೋಕಮ್ಮ ನೆನಪಿಟ್ಟುಕೊಂಡಿದ್ದಾರೆ.)

ಮರುದಿನದಿಂದಲೇ ‘ಟಿ.ಸಿ. ಸ್ಥಳಾಂತರ ಮಹಾಆಂದೋಲನ’ ಶುರುವಾಯಿತು. ಮೇಷ್ಟ್ರು ಮನೆಮನೆಗೆ ಹೋಗಿ ಸಹಿ ಹಾಕಿಸಿದರು. ಬೀದಿಯ ಅರ್ಧ ಜನ ಅವರ ಕೈಯಲ್ಲಿ ಬಸ್ಕಿ ಹೊಡೆದವರು, ಇನ್ನರ್ಧ ಅಂಥವರ ಅಪ್ಪ ಅಮ್ಮ. ಇಲ್ಲ ಎನ್ನುವ ಧೈರ್ಯ ಯಾರಿಗಿತ್ತು? (ನಾನೂ ಹಾಕಿದೆ. ನನಗೆ ಆ ಸದ್ದಿನಿಂದ ಯಾವ ತೊಂದರೆಯೂ ಇರಲಿಲ್ಲ.) ಕರೆಂಟ್ ಆಫೀಸಿನ ಮೆಟ್ಟಿಲನ್ನು ಅವರು ಎಷ್ಟು ಸಲ ಹತ್ತಿಳಿದರೆಂದರೆ, ಕೊನೆಗೆ ಅಲ್ಲಿನವರೇ ಕೈಮುಗಿದು ಒಪ್ಪಿಕೊಂಡರು. ಕೆಲಸಕ್ಕೆ ಬಂದ ಲೈನ್‌ಮನ್ ಚನ್ನೇಶ್ ಹಳೆಯ ಶಿಷ್ಯನೇ.

“ಎಲ್ಲಿ ಇಡನ ಸಾರ್?”

“ನನ್ ಮನೆ ಮುಂದೊಂದು ಬಿಟ್ಟು ಎಲ್ಲಾರೂ ಇಡಪ್ಪ,” ಎಂದರು ಮೇಷ್ಟ್ರು ಧಾರಾಳವಾಗಿ.

ಸರ್ವಿಸ್ ಪೂರ್ತಿ ತುಂಟ ಹುಡುಗರಿಗೆ ಟಿ.ಸಿ. ಕೊಡಿಸುತ್ತಿದ್ದ ಮೇಷ್ಟ್ರು ಕಡೆಗೆ ಟಿ.ಸಿ.ಗೇ ಟಿ.ಸಿ. ಕೊಡಿಸಿದರು ಎಂದು ಬೀದಿ ನಕ್ಕಿತು. ಅವರಿಗೊಂದು ಶಾಲು ಹೊದಿಸಿದೆವು. ಶಾಲು ಹೊದ್ದುಕೊಂಡೇ ಬೀದಿಯ ಕೊನೆಯವರೆಗೆ ನಡೆದುಹೋದ ಮೇಷ್ಟ್ರು ಅಲ್ಲಿ ನಿಂತುಬಿಟ್ಟರು. ಚನ್ನೇಶ್ ಖಾಲಿ ಜಾಗ ಹುಡುಕಿ ಟಿ.ಸಿ.ಯನ್ನು ಪ್ರತಿಷ್ಠಾಪನೆ ಮಾಡಿದ್ದು ಸಾಕ್ಷಾತ್ ಅವರ ಬೀಗರ ಮನೆಯ ಎದುರಿಗೆ.

ಬೀಗರೆಂದರೆ ಚಿಕ್ಕಬೀರಪ್ಪನವರು. ಚಂದ್ರಗುತ್ತಿ ಕಡೆಯಿಂದ ಬಂದು ಇಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವರು. ಹೋದ ವರ್ಷವಷ್ಟೇ ಅವರ ಮಗ ವೀರೇಶನಿಗೆ ಮೇಷ್ಟ್ರು ತಮ್ಮ ಒಬ್ಬಳೇ ಮಗಳು ಸುಷ್ಮಿತಾಳನ್ನು ಕೊಟ್ಟಿದ್ದರು.

“ಇರ್ಲಿ ಬಿಡಿ ಬೀಗ್ರೆ,” ಎಂದರು ಚಿಕ್ಕಬೀರಪ್ಪ, ತಂತಿಯ ಕಡೆ ನೋಡುತ್ತ. “ಹುಡುಗಿ ಹಿಂದೆ ಬಳುವಳಿ ಬಂದ್ಹಾಂಗಾತು.”

ಈ ಮಾತು ಮೇಷ್ಟ್ರಿಗೆ ಶಾಲಿನೊಳಗೂ ಚಳಿ ಹುಟ್ಟಿಸಿತು.

ಆದರೂ ಗೆಲುವು ಗೆಲುವೇ. ಅಂದು ಸಂಜೆ ಮೇಷ್ಟ್ರು ಜಗಲಿಯ ಮೇಲೆ ಕೂತು ಕಾಫಿ ಲೋಟ ಎತ್ತಿದರು. ಬೀದಿ ತಣ್ಣಗಿತ್ತು. ಆ ತಣ್ಣಗಿನ ನಡುವೆ ಸ್ಪಷ್ಟವಾಗಿ, ಯಾವ ಅಡ್ಡಿ ಆತಂಕವೂ ಇಲ್ಲದೆ, ಮೈಕ್ ಕಟ್ಟಿದಂತೆ ‘ಕೀಂಂಂಂ’ ಎಂದಿತು. ಮೇಷ್ಟ್ರು ಎದ್ದು ಗೇಟಿನ ಹೊರಗೆ ನೋಡಿದರು. ಟಿ.ಸಿ. ಇರಲಿಲ್ಲ. ಕಿವಿಗೆ ಬೆರಳಿಟ್ಟರು. ಇನ್ನೂ ಜೋರಾಯಿತು. ಆಗ ಅವರಿಗೆ ಎದೆಯಲ್ಲಿ ನಿಜವಾದ ಭಯ ಹುಟ್ಟಿತು.

ಶಿವಮೊಗ್ಗದ ಕಿವಿ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಮೇಷ್ಟ್ರ ವೃತ್ತಿ ಯಾವುದೆಂದು ಕೇಳಿ, ಸೀಟಿಯ ಮಾತು ಬಂದೊಡನೆ ತಲೆಯಾಡಿಸಿದರು.

“ಇದಕ್ಕೆ ಟಿನಿಟಸ್ ಅಂತಾರೆ. ಇದನ್ನ ಒರೆಸಿ ಹಾಕೋ ಮಾತ್ರೆ ಇಲ್ಲ. ಆದ್ರೆ ಇದರ ಜೊತೆ ಚೆನ್ನಾಗಿ ಬದುಕ್ಬಹುದು. ನೀವು ಸಿಟ್ಟು ಮಾಡ್ಕೊಂಡಷ್ಟೂ ಅದು ಜೋರಾಗುತ್ತೆ. ಪೂರ್ತಿ ನಿಶ್ಶಬ್ದದಲ್ಲಿ ಕೂರ್ಬೇಡಿ, ಹತ್ತಿರದಲ್ಲಿ ಮೆಲ್ಲಗೆ ಏನಾದ್ರೂ ಸದ್ದಿರ್ಲಿ. ಕೈಗೊಂದು ಕೆಲಸ ಇರ್ಲಿ. ಮನಸ್ಸು ನಿಧಾನಕ್ಕೆ ಅದನ್ನ ಕೇಳದಿರೋದು ಕಲಿಯುತ್ತೆ.”

“ಸದ್ದು ಅಂದ್ರೆ…” ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಒಂದೇ ಸಮ ಗುಂ ಅಂತ ಬರೋದು ಆದೀತಾ?”

“ಬಹಳ ಒಳ್ಳೇದು! ಮನೆ ಹತ್ರ ಅಂಥದ್ದೇನಾದ್ರೂ ಇದೆಯಾ?”

ಮೇಷ್ಟ್ರು ಎದ್ದು ಚಪ್ಪಲಿ ಹುಡುಕಿದರು. ವಾಪಸು ಬಸ್ಸಿನಲ್ಲಿ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದರು. ಪಕ್ಕದಲ್ಲಿ ಲೋಕಮ್ಮ ಸೀರೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

“ನಗಾದಾದ್ರೆ ನಕ್ಬಿಡು,” ಎಂದರು ಮೇಷ್ಟ್ರು.

“ನಾ ಎಲ್ಲಿ ನಗ್ತೀನ್ರೀ? ನನ್ ಕಿವೀನೇ ಸರಿ ಇಲ್ಲ.”

“ಬೀದ್ಯಾಗೆ ಯಾರಿಗೂ ಗೊತ್ತಾಗಬಾರ್ದು. ಬೀಗ್ರಿಗಂತೂ ಬ್ಯಾಡವೇ ಬ್ಯಾಡ. ಶಾಲು ಹೊದಿಸ್ಯಾರೆ ಮಾರಾಯ್ತಿ!”

ಮನೆಯಲ್ಲಿ ಸದ್ದು ಹುಡುಕುವ ಪ್ರಯೋಗಗಳು ಶುರುವಾದವು. ಫ್ಯಾನ್ ಹಾಕಿದರೆ ಲೋಕಮ್ಮನಿಗೆ ಮಂಡಿ ನೋವು. ರೇಡಿಯೊ ಹಾಕಿದರೆ ಮೇಷ್ಟ್ರು ಅದರ ಜೊತೆ ವಾದಕ್ಕೆ ಇಳಿಯುತ್ತಿದ್ದರು, ಕ್ರಿಕೆಟ್ ಕಾಮೆಂಟರಿಯಾದರೆ ಎದ್ದು ನಿಂತು ಫೀಲ್ಡಿಂಗ್ ಬದಲಾಯಿಸುತ್ತಿದ್ದರು. ಕೊನೆಗೆ ಮೊಬೈಲಿನಲ್ಲಿ ಮಳೆಯ ಸದ್ದು ಸಿಕ್ಕಿತು. ಎಷ್ಟು ಸೊಗಸಾದ ಮಳೆ! ಮೇಷ್ಟ್ರು ಕಣ್ಣು ಮುಚ್ಚುವಷ್ಟರಲ್ಲಿ ಅಡಿಗೆಮನೆಯಿಂದ ಲೋಕಮ್ಮ “ಅಯ್ಯೋ ನನ್ ಹಪ್ಪಳಾ!” ಎಂದು ಚೀರಿ ಮಂಡಿ ನೋವಿನಲ್ಲೇ ತಾರಸಿಗೆ ಓಡಿದರು. ಅಲ್ಲಿ ಬಿಸಿಲು ಧಗಧಗ ಎನ್ನುತ್ತಿತ್ತು. ಇನ್ನೊಮ್ಮೆ ಹೀಗೇ ಆದ ಮೇಲೆ ಮೊಬೈಲ್ ಮಳೆಗೂ ನಿಷೇಧ ಬಿತ್ತು.

ಹೀಗಿರುವಾಗ ಬೀಗರ ಮನೆಯಿಂದ ಊಟಕ್ಕೆ ಕರೆ ಬಂತು. ಉಂಡು ಜಗಲಿಯ ಕುರ್ಚಿಯಲ್ಲಿ ಕೂತ ಮೇಷ್ಟ್ರಿಗೆ ಏನೋ ಬದಲಾದಂತೆ ಅನ್ನಿಸಿತು. ಸಿಟ್ಟು ಇಳಿದಿದ್ದರಿಂದಲೋ ಏನೋ, ಈ ಸಲ ಜೀರುಂಡೆ ಸುಮ್ಮನಾಗಿತ್ತು. ಎದುರಿಗೆ ಹಳೆಯ ಶತ್ರು ‘ಗುಂಂಂ’ ಎಂದು ತನ್ನ ಪಾಡಿಗೆ ಹಾಡುತ್ತಿತ್ತು. ಎಷ್ಟೋ ತಿಂಗಳ ಮೇಲೆ ಸಿಕ್ಕ ಆ ನೆಮ್ಮದಿಗೆ ಮೇಷ್ಟ್ರ ಕಣ್ಣು ತುಂಬಿ ಬಂತು. ಕೂತಲ್ಲೇ ಗೊರಕೆ ಹೊಡೆದರು.

ಮರುದಿನ ಸಂಜೆ ಅವರ ಕಾಲು ತಾನಾಗಿ ಅತ್ತಲೇ ಹೋಯಿತು. ಅದರ ಮರುದಿನವೂ.

ಹೆಣ್ಣು ಕೊಟ್ಟವರು ಬೀಗರ ಮನೆಗೆ ಕರೆದಾಗ ಹೋಗಬೇಕು, ಕೂತು ಬರಬೇಕು, ತೂಕ ಉಳಿಸಿಕೊಳ್ಳಬೇಕು. ದಿನಾ ಹೋಗಿ ಕೂರುವುದು ನಮ್ಮಲ್ಲಿ ಇಲ್ಲ. ಹೋದರೂ ಬರಿಗೈಯಲ್ಲಿ ಹೋಗುವ ಹಾಗಿಲ್ಲ. ಮೇಷ್ಟ್ರು ದಿನಕ್ಕೊಂದು ಚಿಪ್ಪು ಬಾಳೆಹಣ್ಣು ಹಿಡಿದು ಹೊರಟರು. ಅತ್ತ ಬೀಗರು ಬಂದರೆ ಸಿಹಿಯಿಲ್ಲದೆ ಕಳಿಸುವ ಹಾಗಿಲ್ಲ. ಬೀಗಿತ್ತಿ ಉಚ್ಚಂಗಮ್ಮ ಒಂದು ದಿನ ಶಾವಿಗೆ ಪಾಯಸ ಮಾಡಿದರೆ ಮರುದಿನ ಕೇಸರಿಬಾತು, ಅದರ ಮರುದಿನ ಹೋಳಿಗೆ. ಇದರಿಂದ ಸಂತೋಷವಾದದ್ದು ಚಿಕ್ಕಬೀರಪ್ಪನವರೊಬ್ಬರಿಗೇ. ಸಕ್ಕರೆ ಕಾಯಿಲೆಯೆಂದು ಅವರಿಗೆ ಮನೆಯಲ್ಲಿ ಸಿಹಿ ಬಂದ್ ಆಗಿತ್ತು, ಈಗ ಬೀಗರಿಗೆ ಜೊತೆ ಕೊಡುವ ನೆಪದಲ್ಲಿ ದಿನವೂ ಒಂದು ಬಟ್ಟಲು ಹೊಡೆಯುತ್ತಿದ್ದರು.

“ಅಂಬ್ಲಿಗೊಳದ ನೀರು ಬಿಟ್ಟಾರಂತಾ ಬೀಗ್ರೆ?” ಎಂದು ಮೇಷ್ಟ್ರು ಮಾತು ತೆಗೆಯುತ್ತಿದ್ದರು. ಗದ್ದೆಯ ಮುಖ ನೋಡದ ಮೇಷ್ಟ್ರಿಗೆ ಡ್ಯಾಮಿನ ನೀರಿನ ಚಿಂತೆ ಯಾಕೆಂದು ಯಾರಿಗೂ ತಿಳಿಯಲಿಲ್ಲ. ಉತ್ತರ ಬರುವ ಮೊದಲೇ ಅವರು ಟಿ.ಸಿ.ಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿರುತ್ತಿದ್ದರು.

ಸುಷ್ಮಿತಾ ಫೋನ್ ಮಾಡಿದಳು. “ಅಪ್ಪಾಜಿ, ದಿನಾ ಬರಬ್ಯಾಡ. ನನ್ ಕಾವಲು ಕಾಯಾಕ್ ಬರ್ತೀಯ ಅಂತ ನಮ್ಮತ್ತೆ ತಿಳ್ಕಂಡ್ರೆ ಏನ್ ಗತಿ?”

ಲೋಕಮ್ಮನೂ ಬಿಡಲಿಲ್ಲ. “ಮಗಳ ಮನೇಲಿ ನಮ್ಮ ಮರ್ಯಾದೆ ಬಾಳೆಹಣ್ಣಿನ ಸಿಪ್ಪಿ ಆಗಾಕ್ ಹತ್ತೈತೆ. ನಿಜ ಹೇಳ್ಬಿಡ್ರಿ, ಇಲ್ಲಾಂದ್ರೆ ಹೋಗಾದು ಬಿಡ್ರಿ.”

“ಅವ್ರ ಎದ್ರಿಗೆ ಟಿ.ಸಿ. ತಂದಿಡ್ಸಿದ್ದೂ ನಾನೇ, ಅದಿಲ್ದೆ ಬದುಕಾಕ್ ಆಗಲ್ಲ ಅನ್ನೋದೂ ನಾನೇ ಅಂತ ಹೆಂಗ್ ಹೇಳ್ಲಿ? ಹೇಳಿದ್ರೆ ಮರ್ಯಾದೆ ಉಳಿತೈತಾ?”

ಎರಡು ದಾರಿಯಲ್ಲೂ ಹೋಗುವುದು ಮರ್ಯಾದೆಯೇ ಎಂದು ಗೊತ್ತಿದ್ದ ಮೇಷ್ಟ್ರು, ಅದು ಹೋಗುವ ಮೊದಲು ಸ್ವಲ್ಪ ನೆಮ್ಮದಿಯಾದರೂ ಸಿಗಲೆಂದು ಚಪ್ಪಲಿ ಮೆಟ್ಟಿದರು.

ಭಾನುವಾರ ಬೆಳಿಗ್ಗೆ ಬೀಗರೇ ಬಂದರು. ಚಿಕ್ಕಬೀರಪ್ಪ, ಉಚ್ಚಂಗಮ್ಮ, ಅವರ ಹಿಂದೆ ಬಟ್ಟೆಯ ಬ್ಯಾಗು ಹಿಡಿದ ಸುಷ್ಮಿತಾ. ಬ್ಯಾಗು ಕಂಡು ಲೋಕಮ್ಮನ ಮುಖ ಬಿಳಿಚಿಕೊಂಡಿತು.

“ಹೆದರಬೇಡಿ ಮಾರಾಯ್ರೆ,” ಎಂದರು ಉಚ್ಚಂಗಮ್ಮ. “ನಮಗೂ ಕರುಳಿದೆ ಅಲ್ದಾ? ಇವ್ರು ದಿನಾ ಬಂದು ಕೂರೋದು, ಮಾತಿಲ್ಲ ಕತೆಯಿಲ್ಲ, ಕಣ್ಣಲ್ಲಿ ನೀರು. ಮಗಳನ್ನ ಬಿಟ್ಟಿರಕ್ಕೆ ಆಗ್ತಿಲ್ಲ ಅಂತ ಗೊತ್ತಾತು. ಆಷಾಢಕ್ಕೆ ಕಳಿಸಬೇಕಿದ್ದ ಹುಡುಗಿ, ಈಗ್ಲೇ ಕರಕೊಂಡು ಬಂದೆ. ತಿಂಗಳು ಇಲ್ಲೇ ಇರ್ಲಿ. ನೀವು ದಿನಾ ನಡೆದು ಬರೋದೇ ಬೇಡ.”

ಸುಷ್ಮಿತಾ ಅಪ್ಪನ ಕಡೆ ನೋಡಿದಳು. ಬರಬೇಡವೆಂದು ಫೋನಿನಲ್ಲಿ ಗದರಿದ್ದವಳ ಕಣ್ಣಲ್ಲಿ ಹೆಮ್ಮೆಯ ನೀರು ಆಡುತ್ತಿತ್ತು. ಒಂದು ಒಳ್ಳೆಯ ಸುಳ್ಳು ತಾನಾಗಿ ಮನೆಗೆ ನಡೆದು ಬಂದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಮೇಷ್ಟ್ರಿಗೆ ಎರಡನೆಯ ಶಾಲೂ ಸಿಗುತ್ತಿತ್ತು. ಆದರೆ ಅವರಿಗೆ ಆ ಕ್ಷಣ ಕಂಡದ್ದು ಒಂದೇ, ಇನ್ನು ಬೀಗರ ಜಗಲಿಯಿಲ್ಲ, ಗುಂ ಇಲ್ಲ.

“ತಿಂಗಳಾ?” ಎಂದು ಕೂಗಿಬಿಟ್ಟರು. “ಅಯ್ಯೋ ನಾನು ಬರ್ತಿದ್ದುದು ಇವಳಿಗಲ್ರೀ, ಟಿ.ಸಿ.ಗೆ!”

ಆಮೇಲೆ ಎಲ್ಲವನ್ನೂ ಹೇಳಬೇಕಾಯಿತು. ಹೇಳಿ ಮುಗಿಸುವಷ್ಟರಲ್ಲಿ ಮನೆ ಸಂತೆಯಾಯಿತು.

“ಅಂದ್ರೆ ನಾನಿದ್ರೆಷ್ಟು ಬಿಟ್ರೆಷ್ಟು! ಆ ಕಬ್ಣದ ಡಬ್ಬಿ ನೋಡಿ ಅಳ್ತಿದ್ಯಾ?” ಎಂದಳು ಸುಷ್ಮಿತಾ.

“ನಾನು ಹೊಗೇಲಿ ಕಣ್ಣು ಕಳಕೊಂಡು ಹೋಳಿಗೆ ಬೇಯಿಸಿದ್ದು ಟಿ.ಸಿ. ನೋಡಕ್ಕೆ ಬಂದವ್ರಿಗಾ?” ಎಂದರು ಉಚ್ಚಂಗಮ್ಮ. “ಇವ್ರ ಶುಗರ್ ಎಷ್ಟಾಗಿದೆ ಗೊತ್ತುಂಟಾ?”

“ಶುಗರ್ ಸುದ್ದಿ ಈಗ್ಯಾಕೆ?” ಎಂದು ಚಿಕ್ಕಬೀರಪ್ಪ ಗದರಿದರು. “ಬೀಗ್ರೆ, ಅದನ್ನ ನಮ್ಮನೆ ಮುಂದೆ ನಿಲ್ಸಿದ್ದೂ ನೀವೇ ಅಲ್ದಾ?”

“ಬಡ್ಕಂಡೆ, ನಿಜ ಹೇಳ್ರಿ ಅಂತ ಬಡ್ಕಂಡೆ! ನನ್ ಮಾತು ಯಾವತ್ತು ಕೇಳ್ಯಾರೆ?” ಎಂದರು ಲೋಕಮ್ಮ.

ನಾಲ್ವರೂ ಒಟ್ಟಿಗೇ ಮಾತಾಡುತ್ತಿದ್ದರು. ನಡುವೆ ತಲೆತಗ್ಗಿಸಿ ನಿಂತಿದ್ದ ಮೇಷ್ಟ್ರು ನಿಧಾನವಾಗಿ ತಲೆಯೆತ್ತಿದರು. ಒಂದು ಕಿವಿ ವಾಲಿಸಿದರು. ಇನ್ನೊಂದು ಕಿವಿ ವಾಲಿಸಿದರು. ಮುಖ ಹುಣ್ಣಿಮೆಯಾಯಿತು.

“ನಿಲ್ಲಿಸಬ್ಯಾಡ್ರಿ! ಹಿಂಗೇ ಬೈರಿ! ಏನೇನೂ ಕೇಳ್ತಿಲ್ಲ!”

ತಮ್ಮ ಮಾತು ಏನೇನೂ ಕೇಳುತ್ತಿಲ್ಲವೆಂದು ಬೈಸಿಕೊಳ್ಳುವವನೇ ಹೇಳಿದರೆ ಬೈಯುವವರಿಗೆ ಎಂಥ ಅಪಮಾನ! ನಾಲ್ವರೂ ಒಮ್ಮೆಲೇ ಬಾಯಿ ಮುಚ್ಚಿದರು. ಜೀರುಂಡೆ ತಕ್ಷಣ ಹಾಜರಾಯಿತು. ತಾವು ಹೇಳಿದ್ದು ಕಿವಿಯ ಸದ್ದಿನ ವಿಷಯವೆಂದು ಬಿಡಿಸಿ ಹೇಳುವಷ್ಟರಲ್ಲಿ ಮೇಷ್ಟ್ರು ಬೆವತುಹೋದರು. ಮೊದಲು ನಕ್ಕದ್ದು ಉಚ್ಚಂಗಮ್ಮ, ಕೊನೆಗೆ ನಕ್ಕದ್ದು ಸುಷ್ಮಿತಾ. ಆದರೆ ಬ್ಯಾಗು ವಾಪಸು ಹೋಗಲಿಲ್ಲ. “ಟಿ.ಸಿ.ಗಿಂತ ನಾನು ಕಮ್ಮಿ ಏನಲ್ಲ ಅಂತ ತೋರಿಸ್ತೀನಿ,” ಎಂದು ಅವಳು ಹಟ ಹಿಡಿದು ಉಳಿದುಕೊಂಡಳು.

ಅವಳು ಮಾತು ಉಳಿಸಿಕೊಂಡಿದ್ದಾಳೆ. ಈಗ ಪ್ರತಿ ಮಧ್ಯಾಹ್ನ ಪಡಸಾಲೆಯಲ್ಲಿ ತಾಯಿ ಮಗಳು ಎದುರುಬದುರು ಕೂರುತ್ತಾರೆ. ಕೈಗೆ ಕೆಲಸವಿರಲಿ ಎಂದು ಡಾಕ್ಟರೇ ಹೇಳಿರುವುದರಿಂದ ಮೇಷ್ಟ್ರ ಮುಂದೆ ಅವರೆಕಾಯಿಯ ರಾಶಿ ಸುರಿಯಲಾಗುತ್ತದೆ. ಅವರು ಸುಲಿಯಬಹುದು, ಕೇಳಬಹುದು, ನಡುವೆ ಬಾಯಿ ಹಾಕುವಂತಿಲ್ಲ. ಮಾತಿನ ವಿಷಯ ದಿನವೂ ಒಂದೇ, ಮದುವೆಯಾದಂದಿನಿಂದ ಈವರೆಗೆ ಮೇಷ್ಟ್ರು ಮಾಡಿದ ಎಡವಟ್ಟುಗಳು. ಜೀರುಂಡೆ ಇದೆಯೋ ಹೋಯಿತೋ ಎಂದು ವಿಚಾರಿಸುವ ಬಿಡುವೂ ಅವರಿಗೆ ಸಿಗುತ್ತಿಲ್ಲ.

ಮೊನ್ನೆ ಮಾತ್ರ ವಿಷಯ ಮುಗಿದು ಇಬ್ಬರೂ ಸುಮ್ಮನಾದರು. ಲೋಕಮ್ಮ ಆಕಳಿಸಿದರು. ಮೇಷ್ಟ್ರ ಕೈ ಅವರೆಕಾಯಿಯ ಮೇಲೇ ನಿಂತಿತು. ಕಿವಿಯ ಒಳಗೆ ಯಾರೋ ಗಂಟಲು ಸರಿಮಾಡಿಕೊಂಡ ಹಾಗಾಯಿತು. ಮೇಷ್ಟ್ರು ಬಾಗಿಲ ಕಡೆ ನೋಡಿದರು, ಹೆಂಡತಿಯ ಕಡೆ ನೋಡಿದರು, ಸ್ವಲ್ಪ ಹೊತ್ತು ತಡೆದುಕೊಂಡರು.

“ಲೋಕಮ್ಮ,” ಎಂದರು ಮೆಲ್ಲಗೆ. “ಕುಪ್ಪಗಡ್ಡೆಯಾಗೆ ನಿಮ್ಮಣ್ಣನ ಮಗನ ಮದುವೆ ದಿನ ನಾನು ಬ್ಯಾರೇರ ಮದುವೆ ಚಪ್ಪರಕ್ ಹೋಗಿ, ಪಂಕ್ತೀಲಿ ಕೂತು ಉಂಡು, ಮುಯ್ಯಿನೂ ಅಲ್ಲೇ ಹಾಕಿ ಬಂದಿದ್ನಲ್ಲ. ಅದನ್ನ ಇವಳಿಗೆ ಹೇಳೇ ಇಲ್ಲ ನೀನು.”

“ಅಯ್ಯೋ ಹೌದು ಕಣೇ ಸುಷ್ಮೀ!” ಲೋಕಮ್ಮ ನೆಟ್ಟಗೆ ಕೂತರು. “ಅಷ್ಟೇ ಅಲ್ಲ ಕಣೇ, ಆ ಮದುಮಗನ್ನ ತಬ್ಬಿಕೊಂಡು ‘ಎಷ್ಟು ಬೆಳೆದ್ಬಿಟ್ಟೆಯೋ’ ಅಂತ ಅತ್ತೂ ಬಂದಿದ್ರು ನಿಮ್ಮಪ್ಪ…”

ಮೇಷ್ಟ್ರು ನೆಮ್ಮದಿಯಿಂದ ಮುಂದಿನ ಅವರೆಕಾಯಿ ಕೈಗೆತ್ತಿಕೊಂಡರು.