ತುದಿ ಕಾಯುವ ದೊಡ್ಡಮ್ಮ

ನಮ್ಮ ದೊಡ್ಡಮ್ಮನಿಗೆ ಸಿದ್ಧಕಟ್ಟೆಯ ಅರ್ಧಕ್ಕರ್ಧ ಹೆಂಗಸರ ಮುಖವೇ ಗೊತ್ತಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಅವರೇನು ಮನೆಯೊಳಗೇ ಕೂತವರಲ್ಲ, ಕಣ್ಣೂ ಚೆನ್ನಾಗಿಯೇ ಇತ್ತು. ಆದರೆ ಅವರು ಮನುಷ್ಯರನ್ನು ನೋಡುತ್ತಿದ್ದುದೇ ಹಿಂದಿನಿಂದ! ದಾರಿಯಲ್ಲಿ ಯಾರಾದರೂ ಎದುರು ಬಂದು ಮಾತಾಡಿಸಿದರೆ ಹ್ಞಾಂ, ಹ್ಞೂಂ ಎಂದು ತಡವರಿಸುತ್ತಿದ್ದರು. ಆಕೆ ಬೆನ್ನು ತಿರುಗಿಸಿ ಹೊರಟ ಮೇಲೆಯೇ ದೊಡ್ಡಮ್ಮನ ಮುಖ ಅರಳುತ್ತಿದ್ದುದು. "ಓ, ಇವಳು ಆ ಸೀಳು ತುದಿಯವಳು. ಮೊದಲೇ ಹೇಳ್ಬಾರದಾ?" ಪಾಪ, ಆಕೆ ಏನೆಂದು ಪರಿಚಯ ಹೇಳಿಕೊಳ್ಳಬೇಕಿತ್ತೋ!

ತುದಿ ಎಂದರೆ ಜಡೆಯ ತುದಿ. ಊರಿನ ಉಳಿದ ಹೆಂಗಸರೆಲ್ಲ ಕೂದಲು ಉದುರುತ್ತದೆಂದು ತಲೆ ತಲೆ ಚಚ್ಚಿಕೊಂಡು ನೆತ್ತಿಗೆ ಎಣ್ಣೆ ಹಾಕುತ್ತಿದ್ದಾಗ ದೊಡ್ಡಮ್ಮ ಕೆಳಗಿನಿಂದ ಶುರುಮಾಡುತ್ತಿದ್ದರು. "ಬುಡವನ್ನು ತಲೆ ನೋಡಿಕೊಳ್ತದೆ. ತುದಿಗೆ ಯಾರುಂಟು?" ಎಂದು ಕೇಳುತ್ತಿದ್ದರು. ಯಾರೂ ಇಲ್ಲದ ಆ ತುದಿಗಳಿಗೆಲ್ಲ ತಾನೇ ಗತಿ ಎಂಬಂತೆ ಅವರ ನಡೆನುಡಿ ಇತ್ತು. ಮಾತು ನಡೆಯುತ್ತಿದ್ದುದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಬೈಗುಳದ ಖಾರ ಸ್ವಲ್ಪ ಕಡಿಮೆಯಾಗಿದೆ, ಕ್ಷಮಿಸಬೇಕು.

ನನ್ನ ಅಮ್ಮ ತೀರಿಕೊಂಡಾಗ ನಾನು ಇನ್ನೂ ಶಾಲೆಗೆ ಸೇರಿರಲಿಲ್ಲ. ಅಪ್ಪ ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಅಮ್ಮನ ಅಕ್ಕನಾದ ದೊಡ್ಡಮ್ಮ ಬಂಟ್ವಾಳಕ್ಕೆ ಬಂದು ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಿದ್ಧಕಟ್ಟೆಗೆ ಕರೆತಂದರು. ಅವರಿಗೆ ಮಕ್ಕಳಿರಲಿಲ್ಲ. ದೊಡ್ಡಪ್ಪ ಟೈಲರ್. ಮನೆಯ ಎದುರಿನ ಚಾವಡಿಯಲ್ಲೇ ಮೆಷಿನು ಇಟ್ಟುಕೊಂಡು ಊರಿನ ಅಂಗಿ, ರವಿಕೆ ಹೊಲಿಯುತ್ತಿದ್ದರು. ಅವರ ತಲೆ ಹುಣ್ಣಿಮೆಯ ಚಂದ್ರನಂತೆ ನುಣ್ಣಗಿದ್ದುದರಿಂದ ಕೂದಲಿನ ವಿಷಯದಲ್ಲಿ ಬಾಯಿ ಹಾಕುವ ಹಕ್ಕು ಅವರಿಗಿರಲಿಲ್ಲ.

ಆದಿತ್ಯವಾರ ಬಂತೆಂದರೆ ನನಗೆ ಎಲ್ಲಿಗಾದರೂ ಓಡಿಹೋಗೋಣ ಅನ್ನಿಸುತ್ತಿತ್ತು. ಬೆಳಗ್ಗೆಯೇ ಅಂಗಳದಲ್ಲಿ ಮಣೆ ಹಾಕಿ ಕೂರಿಸಿ, ಬೆಚ್ಚಗಿನ ತೆಂಗಿನೆಣ್ಣೆಯಲ್ಲಿ ಜಡೆಯ ತುದಿಯನ್ನು ಅದ್ದಿ, ಹಳೆಯ ಮಲ್ಲು ಬಟ್ಟೆಯ ಚೂರು ಸುತ್ತಿ ಬಿಡುತ್ತಿದ್ದರು. ಆಮೇಲೆ ದಾಸವಾಳದ ಎಲೆ ಕಿವುಚಿದ ಗೊಂಪು ಹಾಕಿ ಸ್ನಾನ. ಮಿಂದು ಬಂದ ಮೇಲೆ ಬೈರಾಸು ಟವೆಲಿನಿಂದ ಕೂದಲನ್ನು ಪಟಪಟ ಬಡಿದು ಒಣಗಿಸುವುದು ಊರಿನ ರೂಢಿ. ನಮ್ಮ ಮನೆಯಲ್ಲಿ ಹಾಗೆ ಬಡಿದವರು ಮನುಷ್ಯರನ್ನು ಬಡಿದಷ್ಟೇ ತಪ್ಪಿತಸ್ಥರು. ಮೆತ್ತಗೆ ಒತ್ತಬೇಕು, ಒದ್ದೆ ಕೂದಲಿಗೆ ಬಾಚಣಿಗೆ ತಾಗಿಸಬಾರದು, ಒಣಗಿದ ಮೇಲೂ ತುದಿಯಿಂದ ಸಿಕ್ಕು ಬಿಡಿಸುತ್ತ ಮೇಲೆ ಹೋಗಬೇಕು. ನೆತ್ತಿಯಿಂದ ಸರ್ರನೆ ಎಳೆದರೆ ಸಿಕ್ಕೆಲ್ಲ ಕೆಳಗೆ ಹೋಗಿ ತುದಿ ತುಂಡಾಗುತ್ತದಂತೆ.

ಇಷ್ಟು ಮುಗಿದ ಮೇಲೆ ತಪಾಸಣೆ. ನನ್ನನ್ನು ಬಿಸಿಲಿಗೆ ಬೆನ್ನು ಮಾಡಿ ಕೂರಿಸಿ, ತುದಿಯನ್ನು ಅಂಗೈಯಲ್ಲಿ ಹರಡಿ, ಕವಲೊಡೆದ ಕೂದಲು ಎಲ್ಲಾದರೂ ಉಂಟೋ ಎಂದು ಹುಡುಕುತ್ತಿದ್ದರು. ಸಿಕ್ಕಿದರೆ, ದೊಡ್ಡಪ್ಪ ನೂಲು ಕತ್ತರಿಸುವ ಪುಟ್ಟ ಕತ್ತರಿಯಿಂದ ಆ ಒಂದೇ ಒಂದು ಕೂದಲಿನ ಕವಲನ್ನಷ್ಟೇ, ಎಳ್ಳುಕಾಳಿನಷ್ಟು, ಚಿವುಟಿದಂತೆ ತೆಗೆಯುತ್ತಿದ್ದರು. ಆ ಹೊತ್ತಿಗೆ ಮೆಷಿನಿನ ಶಬ್ದ ಕೂಡ ನಿಲ್ಲಬೇಕು. ಗಿರಾಕಿಗಳು ಬಂದರೆ ದೊಡ್ಡಪ್ಪ ಸನ್ನೆ ಮಾಡಿ, "ಆಪರೇಷನ್ ನಡೀತಾ ಉಂಟು, ಮತ್ತೆ ಬನ್ನಿ" ಎಂದು ಕಳಿಸುತ್ತಿದ್ದರು.

ಮನೆಗೆ ಬಂದವರಿಗೂ ಬಿಡುಗಡೆ ಇರಲಿಲ್ಲ. ಒಮ್ಮೆ ವಿಟ್ಲದ ಕಡೆಯ ದೂರದ ನೆಂಟರಿಬ್ಬರು ಮದುವೆಗೆ ಕರೆಯಲು ಬಂದರು. ಬೆಲ್ಲ, ನೀರು ಕೊಟ್ಟು ದೊಡ್ಡಮ್ಮ ಅವರ ಬೆನ್ನ ಹಿಂದೆ ಹೋಗಿ ನಿಂತದ್ದೇ ತಡ, "ಅಯ್ಯೋ ದೇವರೇ, ಪೊರಕೆ ಆಗಿದೆಯಲ್ಲ" ಎಂದರು. ಇಬ್ಬರನ್ನೂ ಅಂಗಳದಲ್ಲಿ ಸಾಲಾಗಿ ಕೂರಿಸಿ ಎಣ್ಣೆ ಹಚ್ಚಿದ್ದಾಯಿತು, ಕತ್ತರಿಸಿದ್ದಾಯಿತು, ಉಪದೇಶವೂ ಆಯಿತು. ಅವರು ಸಂತೋಷದಲ್ಲಿ ಜಡೆ ಬೀಸಿಕೊಂಡು ಹೋದರು. ಮದುವೆ ಯಾವತ್ತು, ಎಲ್ಲಿ ಎಂಬುದನ್ನು ಹೇಳಲು ಮಾತ್ರ ಮರೆತರು! ಆ ಹೋಳಿಗೆ ಊಟ ತಪ್ಪಿಹೋದ ದುಃಖವನ್ನು ದೊಡ್ಡಪ್ಪ ಬಹಳ ಕಾಲ ತೋಡಿಕೊಳ್ಳುತ್ತಿದ್ದರು.

ಈಗ ಜಡೆಚೀಲದ ವಿಷಯಕ್ಕೆ ಬರುತ್ತೇನೆ. ದೊಡ್ಡಪ್ಪನ ಬಳಿ ಉಳಿದ ಬಟ್ಟೆ ಚೂರುಗಳಿಂದ ದೊಡ್ಡಮ್ಮ ನನ್ನ ಜಡೆಯ ತುದಿಗೆ ಒಂದು ಪುಟ್ಟ ಚೀಲ ಹೊಲಿಸಿದ್ದರು. ತುದಿಯನ್ನು ಅದರೊಳಗೆ ಇಳಿಸಿ ದಾರ ಬಿಗಿದರೆ ಗಾಳಿ, ಬಿಸಿಲು, ಬೆಂಚಿನ ಮೊಳೆ ಯಾವುದೂ ತಾಗುವಂತಿಲ್ಲ. ಒಮ್ಮೆ ಅದನ್ನು ಕಟ್ಟಿಕೊಂಡು ದೊಡ್ಡಮ್ಮನ ಜೊತೆ ಬಸ್ಸಿನಲ್ಲಿ ಮೂಡಬಿದ್ರೆಗೆ ಹೊರಟಿದ್ದೆ. ಕಂಡಕ್ಟರ್ ಬಂದು ಬೆನ್ನ ಮೇಲೆ ನೇತಾಡುತ್ತಿದ್ದ ಚೀಲವನ್ನು ಅನುಮಾನದಿಂದ ನೋಡಿದ.

"ಅದರಲ್ಲಿ ಎಂತ ಉಂಟು ಅಮ್ಮಾ?"

"ತುದಿ," ಎಂದರು ದೊಡ್ಡಮ್ಮ.

"ಎಂತದರ ತುದಿ?"

"ಜಡೆಯದ್ದು. ನೀನು ಆ ಕಿಟಕಿಯ ಪರದೆ ಇಳಿಸು, ಗಾಳಿಗೆ ಹಾಳಾಗ್ತದೆ."

ಕಂಡಕ್ಟರ್ ಪರದೆ ಇಳಿಸಿದ. ಒಂದು ಜಡೆಯ ಕಾರಣಕ್ಕೆ ಬಸ್ಸಿನ ಆ ಬದಿಯ ಮಂದಿಯೆಲ್ಲ ಬೆವರುತ್ತ ಮೂಡಬಿದ್ರೆ ತಲುಪಿದರು.

ಇವೆಲ್ಲ ಈಗ ನೆನೆದರೆ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ. ಯಾಕೆಂದರೆ ಇಷ್ಟೆಲ್ಲ ಆರೈಕೆ ಮಾಡಿದರೂ ನನ್ನ ಜಡೆ ಸೊಂಟ ದಾಟಿದ ಮೇಲೆ ಕೊನೆಯ ಒಂದು ಗೇಣು ತೀರಾ ತೆಳ್ಳಗಾಗಿ, ಬಣ್ಣ ಮಾಸಿ, ಇಲಿಬಾಲದಂತೆ ಕಾಣುತ್ತಿತ್ತು. ಶಾಲೆಯಲ್ಲಿ ಹುಡುಗಿಯರು ಹಾಗೆಂದೇ ಕರೆಯುತ್ತಿದ್ದರು. ಅದನ್ನು ಕತ್ತರಿಸಿಬಿಟ್ಟರೆ ಜಡೆ ಎಷ್ಟು ದಪ್ಪಗೆ, ಚೆಂದಕ್ಕೆ ಕಾಣುತ್ತದೆಂದು ನನಗೂ ಗೊತ್ತಿತ್ತು, ಮನೆಯ ಕೋಳಿಗಳಿಗೂ ಗೊತ್ತಿತ್ತು. ಆ ಒಂದು ಗೇಣಿನ ಕಾರಣಕ್ಕೆ ನಾನು ಶಾಲೆಯ ಡಾನ್ಸಿಗೂ ಸೇರಲಿಲ್ಲ. ಬೇಡಿದೆ, ಅತ್ತೂ ನೋಡಿದೆ. ದೊಡ್ಡಮ್ಮ ಒಪ್ಪಲಿಲ್ಲ.

ನನಗೆ ಅರ್ಥವಾಗದೆ ಹೋದದ್ದು ಇದೇ. ಪಕ್ಕದ ಮನೆಯ ಲಲಿತಕ್ಕನ ತುದಿ ಸ್ವಲ್ಪ ಒರಟಾದರೆ ಸಾಕು, "ನಾಲ್ಕು ಬೆರಳು ತೆಗೀವ, ಚೆಂದ ಬೆಳೀತದೆ" ಎಂದು ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಕತ್ತರಿಸುತ್ತಿದ್ದರು. ತಮ್ಮ ಕೂದಲಿಗೂ ಅದೇ ನ್ಯಾಯ. ನನ್ನ ಜಡೆಗೆ ಮಾತ್ರ ಎಳ್ಳುಕಾಳಿಗಿಂತ ಹೆಚ್ಚು ತೆಗೆಯುವಂತಿಲ್ಲ. ದೊಡ್ಡಪ್ಪ ಕೂಡ ಒಮ್ಮೆ ಧೈರ್ಯ ಮಾಡಿ, "ಒಂದು ಗೇಣು ತೆಗೆದ್ರೆ ಎಂತ ಆಗ್ತದೆ ಮಾರಾಯ್ತಿ? ಮಗು ಆಸೆಪಡ್ತದೆ" ಎಂದರು.

"ನೀವು ಇಡೀ ಊರಿನ ಬಟ್ಟೆ ಕತ್ತರಿಸ್ತೀರಲ್ಲ, ಅಷ್ಟು ಸಾಕು," ಎಂದು ದೊಡ್ಡಮ್ಮ ಅವರ ಬಾಯಿ ಮುಚ್ಚಿಸಿದರು.

ಹೀಗಿರುವಾಗ ಒಂದು ಬೇಸಗೆಯಲ್ಲಿ ನಮ್ಮ ಅಂಗಳದಲ್ಲಿ ಹಲಸಿನ ಹಪ್ಪಳ ಮಾಡುವ ಕೆಲಸ. ಲಲಿತಕ್ಕ ಕತ್ತಿಗೆ ಎಣ್ಣೆ ಹಚ್ಚಿಕೊಂಡು ಹಲಸಿನಕಾಯಿ ಸೀಳುತ್ತಿದ್ದರು, ನಾನು ಒಳಗಿನ ಸೊಳೆ ಬಿಡಿಸುತ್ತಿದ್ದೆ, ದೊಡ್ಡಮ್ಮ ಮೊದಲೇ ಬೇಯಿಸಿಟ್ಟದ್ದನ್ನು ಒರಳಿನಲ್ಲಿ ರುಬ್ಬುತ್ತಿದ್ದರು. ಸೆಕೆ ಎಂದು ಜಡೆಚೀಲ ಬಿಚ್ಚಿಟ್ಟಿದ್ದೆ. ಬಗ್ಗಿದಾಗ ಜಡೆ ಹೆಗಲಿನಿಂದ ಜಾರಿ, ಆಗಷ್ಟೇ ಸೀಳಿದ ಕಾಯಿಯ ಮೇಲೆ ಬಿತ್ತು. ಹಲಸಿನ ಮೇಣ ಹಿಡಿದರೆ ಬಿಡುವ ಪೈಕಿ ಅಲ್ಲ. ನಾನು ಗಾಬರಿಯಿಂದ ಎಳೆದೆ, ಮೇಣ ಇನ್ನಷ್ಟು ಹರಡಿತು. ತುದಿಯ ಒಂದು ಗೇಣು ಪೂರ್ತಿ ಅಂಟಿನ ಉಂಡೆಯಾಯಿತು.

ಹೌದು, ನನಗೆ ಸಂತೋಷವೇ ಆಯಿತು. ಇನ್ನು ಬೇರೆ ದಾರಿಯೇ ಇಲ್ಲವಲ್ಲ! ಯಾರೂ ಹೇಳುವ ಮೊದಲೇ ಓಡಿಹೋಗಿ ದೊಡ್ಡಪ್ಪನ ದೊಡ್ಡ ಕತ್ತರಿಯನ್ನೇ ತಂದು ನಿಂತೆ.

ದೊಡ್ಡಮ್ಮ ಕತ್ತರಿಯ ಕಡೆ ನೋಡಲೂ ಇಲ್ಲ. ಬೈಯಲೂ ಇಲ್ಲ. ಕೈ ತೊಳೆದು, ಎಣ್ಣೆಯ ಗಿಂಡಿ ತಂದು, ನನ್ನನ್ನು ಮೆಟ್ಟಲಿನ ಮೇಲೆ ಕೂರಿಸಿ ಹಿಂದೆ ತಾವು ಕೂತರು. ಒಂದೊಂದೇ ಕೂದಲನ್ನು ಎಣ್ಣೆಯಲ್ಲಿ ನೆನೆಸಿ, ಉಗುರಿನಿಂದ ಮೇಣ ಸವರಿ ತೆಗೆಯಲು ಶುರುಮಾಡಿದರು. ಬೆಂದ ಸೊಳೆ ಒರಳಿನಲ್ಲಿ ಆರುತ್ತಾ ಬಿದ್ದಿತ್ತು. ಬಿಸಿಲು ಅಂಗಳದಿಂದ ಚಾವಡಿಗೆ ಏರಿತು. ಊಟದ ಹೊತ್ತು ಮೀರಿದರೂ ಅವರು ಏಳಲಿಲ್ಲ.

ಲಲಿತಕ್ಕನಿಗೆ ತಡೆಯಲಾಗಲಿಲ್ಲ. "ನನ್ನದನ್ನು ಕತ್ತರಿಸುವಾಗ ನಿಮಗೆ ಇಷ್ಟು ಮರುಕ ಬರುವುದಿಲ್ಲ ಅಕ್ಕ. ಒಂದು ಗೇಣು ಹೋದ್ರೆ ಹೋಗ್ಲಿ. ಈ ಪ್ರಾಯದಲ್ಲಿ ಬೆಳೆಯದೆ ಇರ್ತದಾ?"

"ಬೆಳೀತದೆ," ಎಂದರು ದೊಡ್ಡಮ್ಮ. "ಬೆಳೆಯುವುದು ಬುಡದಲ್ಲಿ ಅಲ್ವಾ ಲಲಿತ? ತುದಿ ಮತ್ತೆ ಬರುವುದಿಲ್ಲ."

"ಬಾರದಿದ್ರೆ ಎಂತ?"

ದೊಡ್ಡಮ್ಮ ಅಂಟಿದ ಇನ್ನೊಂದು ಎಳೆಯನ್ನು ಎಣ್ಣೆಯಲ್ಲಿ ಅದ್ದಿದರು. "ನನ್ನ ತಂಗಿ ಹೋಗುವಾಗ ಇವಳ ಕೂದಲು ಹೆಗಲಿನವರೆಗೆ ಇತ್ತು. ಅದೇ ಈಗ ಇಷ್ಟು ಕೆಳಗೆ ಬಂದದ್ದು. ಅವಳು ಎಣ್ಣೆ ಹಾಕಿ ಬಾಚಿದ್ದರಲ್ಲಿ ಇನ್ನು ಉಳಿದಿರುವುದು ಈ ಒಂದು ಗೇಣು."

ಲಲಿತಕ್ಕ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟರು. ತಮ್ಮ ಮನೆಗೆ ಹೋಗಿ ಇನ್ನೊಂದು ಗಿಂಡಿ ಎಣ್ಣೆ ತಂದು ಪಕ್ಕದಲ್ಲಿಟ್ಟು, ತಾವೂ ಒಂದು ಎಳೆ ಹಿಡಿದು ಕೂತರು.

ನನಗೆ ಅಮ್ಮನ ಮುಖ ನೆನಪಿಲ್ಲ. ಫೋಟೋ ತೆಗೆಸಿದವರೂ ಇಲ್ಲ. ಅವಳ ಕೈ ತಾಗಿದ್ದು ಏನಾದರೂ ಒಂದು ನನ್ನ ಬಳಿ ಇರಬೇಕಿತ್ತೆಂದು ಎಷ್ಟೋ ಸಲ ಆಸೆಪಟ್ಟಿದ್ದೆ. ಅದು ಇಷ್ಟು ವರ್ಷವೂ ನನ್ನ ಬೆನ್ನ ಮೇಲೆಯೇ ಇತ್ತು.

"ತಲೆ ಅಲ್ಲಾಡಿಸ್ಬೇಡ ಮಗಾ, ಇನ್ನು ಸ್ವಲ್ಪ ಉಂಟು," ಎಂದರು ದೊಡ್ಡಮ್ಮ.

ನಾನು ಮೊಣಕಾಲನ್ನು ಬಿಗಿಯಾಗಿ ಅಪ್ಪಿಕೊಂಡು, ಹೆಗಲು ಅಲುಗದ ಹಾಗೆ ಅಳುತ್ತಾ ಕುಳಿತೆ.