ಕಾಕಾ ಅರ್ಥ ಹೇಳಿದ ವ್ಯಂಗ್ಯಚಿತ್ರಗಳು

ನಮ್ಮ ಕಾಕಾ ಬ್ರಿಟಿಷರ ವಿರುದ್ಧ ಹೋರಾಟಕ್ಕಿಳಿದದ್ದು ಅವರು ದೇಶ ಬಿಟ್ಟು ನಲವತ್ತು ವರ್ಷವಾದ ಮೇಲೆ! ಶಿರಗುಪ್ಪಿ ಕಡೆಯ ಹೈಸ್ಕೂಲೊಂದರಲ್ಲಿ ಅವರು ಇತಿಹಾಸದ ಮಾಸ್ತರು. ಸಾಮ್ರಾಜ್ಯಶಾಹಿಯನ್ನು ಅಣಕಿಸುವ ವ್ಯಂಗ್ಯಚಿತ್ರ ಎಲ್ಲಿ ಸಿಕ್ಕರೂ ಕತ್ತರಿಸಿಟ್ಟುಕೊಂಡು, ಅದರ ಅರ್ಥವನ್ನು ಕಂಡಕಂಡವರಿಗೆಲ್ಲ ಹೇಳುವರು. ಕೇಳುವವರು ಬೇಕಲ್ಲ?

ಒಮ್ಮೆ ಕರಿಹಲಗೆಯ ಮೇಲೆ ಆಕ್ಟೋಪಸ್ ಬರೆದರು. ತಲೆಗೆ ದೊರೆಯ ಟೋಪಿ, ಒಂದೊಂದು ಕಾಲಿನ ಹಿಡಿತದಲ್ಲಿ ಒಂದೊಂದು ದೇಶ.

“ಹೇಳ್ರಿ ನೋಡೂಣು, ಏನಿದು?”

“ದ್ರಾಕ್ಷಿ ಬಳ್ಳಿ ಐತ್ರಿ ಸರ!”

“ಸಾಮ್ರಾಜ್ಯಶಾಹಿ ಐತಿ ಲೇ!”

ಎರಡು ತಾಸು ವಿವರಿಸಿದರು. ಪರೀಕ್ಷೆಯಲ್ಲಿ ಇಡೀ ವರ್ಗ ಒಂದೇ ಉತ್ತರ ಬರೆಯಿತು: ‘ಸಾಮ್ರಾಜ್ಯಶಾಹಿಗೆ ಎಂಟು ಕಾಲುಗಳಿದ್ದು, ಅದು ಸಮುದ್ರದಲ್ಲಿ ವಾಸಿಸುತ್ತದೆ.’

ಕಾಕಾ ಅಂದು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದರು. “ಸುಳ್ಳೇನ ಬರದಾರ? ಅವರು ಬಂದದ್ದು ಸಮುದ್ರದಿಂದನ ಅಲ್ಲೇನ್ರಿ?” ಎಂದು ಅವರ ಹೆಂಡತಿ, ನಮ್ಮ ಕಾಕು, ಸಮಾಧಾನ ಹೇಳಿದ ಮೇಲಂತೂ ಇನ್ನಷ್ಟು ಮುದುಡಿದರು!

ಊರು ಯಾವ ರಾಜ್ಯಕ್ಕೆ ಸೇರಬೇಕೆಂಬ ಗಡಿ ಗಲಾಟೆಯ ದಿನಗಳಲ್ಲಿ ಊರ ಚಹಾದಂಗಡಿಗೆ ಎರಡು ಪತ್ರಿಕೆ ಬರುತ್ತಿದ್ದವು, ಒಂದು ಕನ್ನಡ, ಒಂದು ಮರಾಠಿ. ಒಂದು ದಿನ ಎರಡರಲ್ಲೂ ತೋಳ ಕುರಿಮರಿಯನ್ನು ನುಂಗುವ ಚಿತ್ರ. ಕಾಕಾ ಎರಡನ್ನೂ ಬೆಂಚಿನ ಮೇಲೆ ಹರಡಿ, “ನೋಡ್ರಿ, ಇವರ ತೋಳ ಅವರ ಕುರಿ, ಅವರ ತೋಳ ಇವರ ಕುರಿ. ಇಬ್ಬರಿಗೂ ಈ ಚಿತ್ರ ಕಲಿಸಿದಾಂವ ಇಂಗ್ಲೆಂಡಿನಾಗ ನಗಾಕತ್ತಾನ” ಅಂದರು. ಕನ್ನಡದವರು ಎದ್ದು ಹೋದರು. ಮರಾಠಿಯವರೂ ಎದ್ದು ಹೋದರು. ಎರಡೂ ಕಡೆಯವರು ಒಗ್ಗಟ್ಟಿನಿಂದ ಮಾಡಿದ ಕೆಲಸ ಅದೊಂದೇ! ಮರುದಿನದಿಂದ ಕಾಕಾನ ಬೆಂಚಿನಲ್ಲಿ ಯಾರೂ ಕೂಡಲಿಲ್ಲ.

ಆಮೇಲೆ ಅವರು ಯಾರಿಗೂ ಏನೂ ಹೇಳಲು ಹೋಗಲಿಲ್ಲ. “ಇಷ್ಟು ವರ್ಷ ಹೇಳಿದ್ನಲ್ಲೋ, ಒಬ್ಬರಿಗರ ತಿಳೀತೇನ?” ಎಂದು ನನ್ನನ್ನು ಕೇಳುವರು. ನನಗೂ ತಿಳಿದಿರಲಿಲ್ಲ.

ನಿವೃತ್ತಿಯಾದ ಮರುವರ್ಷ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತಿಂದಿತು. ರಜೆಗೆ ಹೋದಾಗ ನಾನೇ ಪತ್ರಿಕೆ ಓದಿ ಹೇಳುತ್ತಿದ್ದೆ. ಒಂದು ಮುಂಜಾನೆ, “ಚಿತ್ರ ಏನೈತಿ?” ಎಂದರು.

“ದಪ್ಪ ಮನಷ್ಯಾ ಒಬ್ಬಾಂವ ಭೂಮಿ ಮ್ಯಾಲ ಕಾಲು ಚಾಚಿ ಕುಂತಾನ್ರಿ.”

“ಅದು ಇರೂದ. ಅವನ ಕಾಲ ಕೆಳಗ ಯಾರ ಅದಾರ ನೋಡು.”

ಆಗಷ್ಟೇ ನೋಡಿದೆ. ಬೂಟಿನ ಕೆಳಗೆ ಕಡ್ಡಿಯಂಥ ಸಣ್ಣ ಮನುಷ್ಯ.

“ಒಬ್ಬಾಂವ ಅದಾನ್ರಿ.”

“ಮುಖ ಹೆಂಗೈತಿ?”

“ಮುಖ ತಗದಿಲ್ರಿ ಕಾಕಾ. ಬರೇ ಗುಂಡಗ ಗೀರ್ಯಾರ.”

ಕಾಕಾ ಪತ್ರಿಕೆಯ ಮೇಲೆ ಬೆರಳಾಡಿಸಿದರು. “ಅವನ ಮುಖ ಯಾರೂ ತಗಿಯಂಗಿಲ್ಲ ನೋಡು” ಅಂದರು.

ನಾನು ಕಿಸೆಯಿಂದ ಪೆನ್ನು ತೆಗೆದು, ಆ ಗುಂಡನೆಯ ಗೀರಿನೊಳಗೆ ಎರಡು ಕಣ್ಣು, ಮೂಗು, ಬಾಯಿ ಬರೆದೆ. ಪೆನ್ನಿನ ಸಪ್ಪಳಕ್ಕೆ ಅವರು ಕಿವಿಗೊಟ್ಟು ಕೂತಿದ್ದರು.

“ಈಗ ಐತ್ರಿ” ಅಂದೆ.

“ಅಳಾಕತ್ತಾನೇನು?”

“ಇಲ್ರಿ ಕಾಕಾ. ನೋಡಾಕತ್ತಾನ.”