ಅಕ್ಕುತಾಯಿಯ ಫ್ಲೆಕ್ಸು

ಈ ರಾದ್ಧಾಂತಕ್ಕೆಲ್ಲ ಮೂಲ ಒಂದಿಷ್ಟು ಖಾಲಿ ಜಾಗ.

ಸದಲಗಾದ ಹಾಲಿನ ಡೇರಿಯಲ್ಲಿ ಕಾರಕೂನನಾಗಿದ್ದ ಸುಮೇಧ ಇದ್ದಬದ್ದ ರಜೆಯನ್ನೆಲ್ಲ ಸುರಿದು, ಮದುವೆ ಫೋಟೋ ತೆಗೆಯುವ ಗೆಳೆಯನ ಕ್ಯಾಮೆರಾ ಬೇಡಿ ತಂದು, ದೂಧಗಂಗೆಯ ದಂಡೆಯ ಮೇಲೆ ಒಂದು ಸಿನೆಮಾ ತೆಗೆದಿದ್ದ. ಹೆಸರು ‘ಹೊಳಿ ದಂಡಿ’. ಅದರಲ್ಲಿ ಹೀರೋ ಇರಲಿಲ್ಲ, ಹೊಡೆದಾಟ ಇರಲಿಲ್ಲ, ಹಾಡೂ ಇರಲಿಲ್ಲ. ಇದ್ದವಳು ಅಕ್ಕುತಾಯಿ. ದಿನಾ ಡೇರಿಗೆ ಎಮ್ಮೆಯ ಹಾಲು ಹಾಕಲು ಬರುತ್ತಿದ್ದ ಆ ಮುದುಕಿಯ ಮುಖ ನೋಡಿಯೇ ಸುಮೇಧನಿಗೆ ಕತೆ ಹೊಳೆದದ್ದು. ಹೊಳೆ ಏರಿ ಬಂದರೂ ದಂಡೆ ಬಿಟ್ಟು ಕದಲದ ಒಬ್ಬ ಮುದುಕಿ ಕೊನೆಗೆ ಅಲ್ಲೇ ಕಣ್ಣು ಮುಚ್ಚುತ್ತಾಳೆ, ಇಷ್ಟೇ ಕತೆ. ಅಕ್ಕುತಾಯಿ ಕೇಳಿದ್ದು ಒಂದೇ: “ದೊಡ್ಡ ಪಡದೆದ ಮ್ಯಾಲ ನನ್ನ ಮಾರಿ ನಾ ನೋಡಬೇಕೋ ತಮ್ಮಾ. ಮುಂದಿನ ಕುರ್ಚೆದಾಗ ಕುಂದರಸ್ತೀಯೇನು?” ಸುಮೇಧ ಅವಳ ಕೈ ಮುಟ್ಟಿ ಮಾತು ಕೊಟ್ಟಿದ್ದ.

ಸಿನೆಮಾ ತೆಗೆಯುವಾಗ ಹೊಳೆಯಲ್ಲಿ ನಿಂತು ಜ್ವರ ಬಂದದ್ದು ಬಿಟ್ಟರೆ ಬೇರೆ ಕಷ್ಟವಾಗಿರಲಿಲ್ಲ. ಕಷ್ಟ ಶುರುವಾದದ್ದು ಮಾರಲು ಹೊರಟಾಗ. ಬೆಂಗಳೂರಿನವರು ನೋಡಿ, ಇದು ಮರಾಠಿ ಇದ್ದಂತಿದೆಯಲ್ಲ ಎಂದರು. ಕೊಲ್ಲಾಪುರದವರು ನೋಡಿ, ಕನ್ನಡ ಸಿನೆಮಾ ತಂದು ನಮಗೇಕೆ ತೋರಿಸುತ್ತೀಯಪ್ಪಾ ಎಂದರು. ಮುದುಕಿಯನ್ನು ನೋಡಲು ಯಾರು ಬರುತ್ತಾರೆ ಎಂದು ಇಬ್ಬರೂ ಕೇಳಿದರು. ಕೊನೆಗೆ, ಟಿ.ವಿ. ಚಾನೆಲ್ಲುಗಳಿಗೆ ಸಿನೆಮಾ ಕೊಂಡುಕೊಡುವ ಹುಬ್ಬಳ್ಳಿಯ ಹೊಂಗಲ ಸಾಹೇಬರು ಮಾತ್ರ ಫೋನಿನಲ್ಲಿ ಒಂದು ದಾರಿ ತೋರಿಸಿದರು.

“ನಾ ಮಂದಿ ಜೋಡಿ ಕುಂತು ನೋಡ್ತೀನಿ. ಮಂದಿ ಕಣ್ಣಾಗ ನೀರು ಬಂದ್ವು ಅಂದ್ರ ಅಲ್ಲೇ ಖರೀದಿ ಮಾಡ್ತೀನಿ. ಇಲ್ಲಾಂದ್ರ ಚಾ ಕುಡುದು ವಾಪಸ್ ಹೋಗ್ತೀನಿ.”

ಸದಲಗಾದ ಹಳೇ ಟಾಕೀಜಿನ ಮಾಲೀಕ ಅಣ್ಣಾಸಾಬ ಶುಕ್ರವಾರ ಮಧ್ಯಾಹ್ನದ ಒಂದು ಆಟ ಬಿಟ್ಟುಕೊಟ್ಟ. ಮಂದಿ ಬಂದರೆ ಸಂಜೆಗೂ ಇದೇ ಚಿತ್ರ, ಬರದಿದ್ದರೆ ಸಂಜೆಗೆ ಮರಾಠಿ ಸಿನೆಮಾ ಎಂದು ಹೇಳಿಯೂ ಬಿಟ್ಟ. ಇನ್ನು ಉಳಿದದ್ದು ಪ್ರಚಾರ.

ಅದಕ್ಕೇ ಸುಮೇಧ ಫ್ಲೆಕ್ಸು ಮಾಡುವ ಬಾಳಾಸಾಬನ ಅಂಗಡಿಗೆ ಹೋದ. ನಿಪ್ಪಾಣಿಯಿಂದ ಅಥಣಿಯವರೆಗೆ ರಸ್ತೆ ಕೂಡುವ ಯಾವ ನಾಕೆಯಲ್ಲಿ ನಿಂತು ನೋಡಿದರೂ ಫ್ಲೆಕ್ಸಿನಲ್ಲಿ ಎರಡೇ ಜಾತಿ. ಒಂದು, ಕಪ್ಪು ಕನ್ನಡಕ ಹಾಕಿಕೊಂಡು ಕಿವಿಗೆ ಫೋನು ಹಿಡಿದವರ ಹುಟ್ಟುಹಬ್ಬದ್ದು. ಇನ್ನೊಂದು, ತೀರಿಕೊಂಡವರದ್ದು. ಬಾಳಾಸಾಬ ಜೀವಮಾನದಲ್ಲಿ ಈ ಎರಡನ್ನು ಬಿಟ್ಟು ಮೂರನೆಯದನ್ನು ಮಾಡಿದವನಲ್ಲ. ಸುಮೇಧ ಅವನಿಗೆ ಕಲೆ ಕಲಿಸಲು ಕೂತ.

“ಬಣ್ಣ ಬ್ಯಾಡ ಬಾಳಾಸಾಬ. ಬರೇ ನಮ್ಮ ಅಕ್ಕುತಾಯಿ ಆಯಿ ಮಾರಿ, ಕಪ್ಪು ಬಿಳುಪಿನ್ಯಾಗ. ಕೆಳಗ ಆಕೀ ಹೆಸರು, ತಾರೀಖು, ಟಾಕೀಜು, ಮಧ್ಯಾಹ್ನ ಹನ್ನೆರಡು. ಸಿನೆಮಾದ ಹೆಸರು ಎಲ್ಲಾರಕಿಂತ ಕೆಳಗ, ಸಣ್ಣಾಗಿ. ಉಳದದ್ದೆಲ್ಲಾ ಖಾಲಿ ಇರ್ಲಿ.”

“ಖಾಲಿ?” ಬಾಳಾಸಾಬನ ಮುಖ ಕಂಗೆಟ್ಟಿತು. “ಖಾಲಿ ಹ್ಯಾಂಗ ಬಿಡೂದ್ರಿ ಸರ? ಗಿರಾಕಿ ನನ್ನ ಬೈತಾರ.”

“ನಾನ ಗಿರಾಕಿ. ನಾ ಬೈಯೂದಿಲ್ಲ.”

ಸುಮೇಧ ಹೊರಟುಹೋದ. ಬಾಳಾಸಾಬ ಆ ಖಾಲಿ ಜಾಗವನ್ನು ನೋಡುತ್ತ ಬಹಳ ಹೊತ್ತು ಕೂತ. ಒಳ್ಳೆಯ ಮನುಷ್ಯ. ಗಿರಾಕಿ ಬಡವ, ದುಡ್ಡಿಲ್ಲದ್ದಕ್ಕೇ ಖಾಲಿ ಬಿಡಿಸುತ್ತಿದ್ದಾನೆ ಎಂದು ಅವನ ಕರುಳು ಚುರ್ ಎಂದಿತು. ಕಂಪ್ಯೂಟರಿನಲ್ಲಿ ಇದ್ದದ್ದರಲ್ಲೇ ಆರಿಸಿ, ಬಿಟ್ಟಿಯಾಗಿ, ಈ ಕಡೆ ಒಂದು ಉರಿಯುವ ದೀಪ, ಆ ಕಡೆ ಒಂದು ದೀಪ, ಮೇಲೆ ಹೂವಿನ ಮಾಲೆ, ಕೆಳಗೆ ಸುಮೇಧ ಮತ್ತು ಅವನ ಗೆಳೆಯರ ಮುಖಗಳನ್ನು ದುಂಡಗೆ ಕತ್ತರಿಸಿ ಸಾಲಾಗಿ ಕೂಡಿಸಿದ. ರಾತ್ರೋರಾತ್ರಿ ಸದಲಗಾ, ಚಿಕ್ಕೋಡಿ, ಅಥಣಿ ಮೂರೂ ಕಡೆ ಕಟ್ಟಿಸಿಯೂ ಬಿಟ್ಟ.

ಶುಕ್ರವಾರ ಬೆಳಕು ಹರಿಯುವ ಮೊದಲೇ ಸುಮೇಧನ ಫೋನು ಬಡಿದುಕೊಂಡಿತು. ಆ ಕಡೆ ಐಗಳಿಯಿಂದ ಅಕ್ಕುತಾಯಿಯ ತಮ್ಮ ಧರೆಪ್ಪ. ದ್ರಾಕ್ಷಿ ತೋಟದ ಧಣಿ, ಮಾತಾಡಿದರೆ ಬಾವಿಯಿಂದ ಬಂದಂಥ ದನಿ. ಈಗ ಆ ದನಿ ನಡುಗುತ್ತಿತ್ತು.

“ಯಾವಾಗ ಹೋದ್ಳಪಾ ನಮ್ಮ ಅಕ್ಕ? ಅಥಣ್ಯಾಗ ಫ್ಲೆಕ್ಸ ಹಚ್ಚೀರಿ, ನನಗೊಂದು ಫೋನ ಮಾಡಾಕ ಆಗಲಿಲ್ಲೇನು?”

ಸುಮೇಧ ಬಾಯಿ ತೆರೆಯುವಷ್ಟರಲ್ಲಿ ಅತ್ತ ಗೋಳೋ ಎಂಬ ಸದ್ದಾಗಿ ಫೋನು ಕಟ್ಟಾಯಿತು. ಅವನು ಅಂಗಿ ತೊಡುತ್ತಲೇ ನಾಕೆಗೆ ಓಡಿದ. ಫ್ಲೆಕ್ಸು ನೋಡಿದ. ಎರಡು ದೀಪಗಳ ನಡುವೆ ಅಕ್ಕುತಾಯಿ ಶಾಂತವಾಗಿ ಲೋಕವನ್ನು ನೋಡುತ್ತಿದ್ದಳು. ಸಿನೆಮಾದ ಹೆಸರಿದ್ದ ತುದಿಯನ್ನು ಕಬ್ಬಿನ ಹಾಲಿನ ಗಾಡಿಯ ಛತ್ರಿ ಪೂರ್ತಿ ನುಂಗಿತ್ತು. ಕೆಳಗೆ ಮೊದಲನೆಯ ದುಂಡು ಫೋಟೋ ಅವನದೇ. ದುಃಖದಲ್ಲಿರುವವರ ಪೈಕಿ ಮೊದಲಿಗನಂತೆ ಕಾಣುತ್ತಿದ್ದ. ಬಾಳಾಸಾಬನಿಗೆ ಫೋನು ಮಾಡಿದರೆ ಅವನು, “ಎಲ್ಲಾ ಫ್ರೀ ರೀ ಸರ, ಥ್ಯಾಂಕ್ಸ್ ಏನೂ ಬ್ಯಾಡ” ಎಂದ.

ಅದನ್ನು ಇಳಿಸಲು ಏಣಿಗಾಗಿ ಅಲೆದು, ಎಲ್ಲೂ ಸಿಗದೆ, ಹೊತ್ತೇರಿದ ಮೇಲೆ ಅಕ್ಕುತಾಯಿಯ ಮನೆಗೆ ಓಡಿದ. ಮನೆಗೆ ಕೀಲಿ. ಅಂಗಳದ ತುಂಬ ಮಂದಿ. ಊರಿನವರು, ಚಿಕ್ಕೋಡಿಯವರು, ವಾಟ್ಸಾಪಿನಲ್ಲಿ ಫ್ಲೆಕ್ಸಿನ ಫೋಟೋ ನೋಡಿ ಎಲ್ಲೆಲ್ಲಿಂದಲೋ ಬಂದ ಬೀಗರು ನೆಂಟರು. ಸಾವಾದ ಮನೆಯಲ್ಲಿ ಒಲೆ ಹೊತ್ತುವುದಿಲ್ಲವೆಂದು ಹೆಂಗಸರು ಬುತ್ತಿ ಕಟ್ಟಿಕೊಂಡೇ ಬಂದಿದ್ದರು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಚನ್ನವ್ವ.

“ನಸಿಕಿನ್ಯಾಗ ಎದ್ದು ನೋಡತೀನಿ, ಕೀಲಿ ಬಿದ್ದೈತಿ. ದವಾಖಾನಿಗೆ ಒಯ್ದಾರಂತ ಗೊತ್ತಾತು. ನಿನ್ನಿ ಸಂಜೀಕ ನನ್ನ ಜೋಡಿ ಜಗಳಾ ಮಾಡಿದ್ದಳ್ರೀ, ಎಷ್ಟು ಚೊಲೊ ಜಗಳಾ ಮಾಡ್ತಿದ್ಳು!” ಎಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಸುಮೇಧನನ್ನು ಕಂಡದ್ದೇ ತಡ, ಗಂಡಸರೆಲ್ಲ ಒಬ್ಬೊಬ್ಬರಾಗಿ ಬಂದು ಅವನ ಕೈ ಹಿಡಿದರು. “ಧೈರ್ಯಾ ತಗೋ. ಕಡೀಗೆ ನೀನ ಮಗನಾದಿ.” ನಾಲ್ಕು ದಿನದ ಗಡ್ಡ, ನಿದ್ದೆಗೆಟ್ಟ ಕಣ್ಣು, ಗುಂಡಿ ತಪ್ಪಿದ ಅಂಗಿ. ಇದಕ್ಕಿಂತ ದುಃಖದಲ್ಲಿರುವ ಮನುಷ್ಯ ಆ ಅಂಗಳದಲ್ಲಿ ಇನ್ನೊಬ್ಬನಿರಲಿಲ್ಲ.

ಅಷ್ಟರಲ್ಲಿ ಐಗಳಿಯ ಟೆಂಪೋ ಬಂದು ನಿಂತಿತು. ಧರೆಪ್ಪ ಇಳಿದ. ತೋಟದ ಮನೆಯ ವಾಸ್ತುಶಾಂತಿಗೆ ಅಕ್ಕನನ್ನು ಖುದ್ದು ಬಂದು ಕುಂಕುಮ ಹಚ್ಚಿ ಕರೆಯದೆ ಫೋನಿನಲ್ಲಿ ಕರೆದ ಎಂಬ ಒಂದೇ ಕಾರಣಕ್ಕೆ ಅಕ್ಕ ತಮ್ಮಂದಿರ ನಡುವೆ ವರ್ಷಗಟ್ಟಲೆ ಮಾತು ನಿಂತಿತ್ತು. ಈಗ ಅವನು ಕೀಲಿ ಹಾಕಿದ ಬಾಗಿಲಿಗೆ ಹಣೆ ಹಚ್ಚಿ ನಿಂತ.

“ಎಲ್ಲಿ ಇಟ್ಟೀರಪಾ ಆಕೀನ?”

“ಫ್ಲೆಕ್ಸಿನ್ಯಾಗ ಬರದಾರಲ್ರೀ,” ಯಾರೋ ಹೇಳಿದರು. “ಟಾಕೀಜಿನ್ಯಾಗ, ಹನ್ನೆರಡಕ್ಕ. ಅಂತಿಮ ದರ್ಶನ ಅಲ್ಲೇ.”

ದೊಡ್ಡವರನ್ನು ಹಾಗೆಯೇ ಸಭಾಭವನದಲ್ಲಿ ಮಲಗಿಸುತ್ತಾರೆ, ಅಕ್ಕುತಾಯಿ ಸಿನೆಮಾದವಳಾದ್ದರಿಂದ ಟಾಕೀಜು ಎಂದು ಎಲ್ಲರಿಗೂ ಸರಿಯೆನ್ನಿಸಿತು. ಸುಮೇಧ ಇನ್ನು ತಡೆಯಲಾರದೆ ಕಟ್ಟೆಯ ಮೇಲೆ ಹತ್ತಿದ. ಆಯಿ ಸತ್ತಿಲ್ಲ ಎಂದು ಹೇಳಲು ಬಾಯಿ ತೆರೆದೂ ಆಗಿತ್ತು. ಆಗ ಕಿಸೆಯಲ್ಲಿ ಫೋನು ನಡುಗಿತು. ಹೊಂಗಲ ಸಾಹೇಬರು.

“ಚಿಕ್ಕೋಡಿ ದಾಟೀನಿ. ಮಂದಿ ಬಂದಾರೇನಪಾ?”

ಸುಮೇಧ ಅಂಗಳವನ್ನು ನೋಡಿದ. ಟೆಂಪೋ ನೋಡಿದ. ರಸ್ತೆಯ ತಿರುವಿನಲ್ಲಿ ಬರುತ್ತಿದ್ದ ಇನ್ನೊಂದು ಟ್ರಾಕ್ಟರನ್ನೂ ನೋಡಿದ.

“ಬಂದಾರ್ರೀ,” ಎಂದ. “ಭಾಳ ಬಂದಾರ.”

ಕಟ್ಟೆಯಿಂದ ಇಳಿದ. ಆ ಕ್ಷಣದಲ್ಲಿ ತಾನು ಮಾಡಿದ್ದು ಒಳ್ಳೆಯ ಕೆಲಸವಲ್ಲವೆಂದು ಅವನಿಗೆ ಗೊತ್ತಿತ್ತು. ಆದರೆ ವರ್ಷಗಟ್ಟಲೆ ಯಾರೂ ನೋಡದ ಸಿನೆಮಾ ಇಟ್ಟುಕೊಂಡು ಕೂತವನಿಗೆ ಅಷ್ಟು ಮಂದಿ ಒಟ್ಟಿಗೆ ಕಂಡರೆ ಬುದ್ಧಿ ನೆಟ್ಟಗೆ ಉಳಿಯುವುದು ಕಷ್ಟ.

ಮಂದಿಗಿಂತ ಮುಂದೆ ಟಾಕೀಜಿಗೆ ಹೋದರೆ, ಮುಂದಿನ ಸಾಲಿನ ನಟ್ಟನಡುವಿನ ಕುರ್ಚಿಯಲ್ಲಿ ಇಳಕಲ್ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಅಕ್ಕುತಾಯಿ ಕೂತಿದ್ದಳು. ಜಾಗ ಸಿಗಲಿಕ್ಕಿಲ್ಲವೆಂದು ನಸುಕಿನಲ್ಲೇ ಬಂದು ಅಣ್ಣಾಸಾಬನಿಂದ ಬಾಗಿಲು ತೆಗೆಸಿದ್ದಳಂತೆ.

“ಆಯಿ, ಮ್ಯಾಲ ಮಷೀನ ಖೋಲ್ಯಾಗ ನಡಿ. ಅಲ್ಲಿಂದ ಇನ್ನೂ ಚೊಲೊ ಕಾಣ್ತೈತಿ.”

“ಮುಂದಿನ ಕುರ್ಚಿ ಅಂದಿದ್ದೆಲ್ಲೋ?”

ಸುಮೇಧನಿಗೆ ಅವಳ ಮುಖ ನೋಡಲಾಗಲಿಲ್ಲ. “ಮಂದಿ ಭಾಳ ಬರಾಕತ್ತಾರ ಆಯಿ. ನೂಕಾಡ್ತಾರ.”

“ನನ್ನ ನೋಡಾಕೇನು?”

“ಹೌದು. ನಿನ್ನ ನೋಡಾಕ.”

ಅಕ್ಕುತಾಯಿಯ ಮುಖ ಅರಳಿತು. ಸೆರಗು ಸರಿಮಾಡಿಕೊಂಡು, ಮೊಣಕಾಲು ಹಿಡಿದುಕೊಂಡು, ಕಡಿದಾದ ಮೆಟ್ಟಿಲು ಹತ್ತಿ ಪ್ರೊಜೆಕ್ಟರಿನ ಕೋಣೆಗೆ ಹೋದಳು.

ಮಂದಿ ಬಂದರು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ, ಸದ್ದಿಲ್ಲದೆ ಒಳಗೆ ಬಂದು ಕೂತರು. ಇಂಥ ಶಿಸ್ತಿನ ಪ್ರೇಕ್ಷಕರನ್ನು ಅಣ್ಣಾಸಾಬ ಕಂಡಿರಲಿಲ್ಲ. ಟಿಕೇಟು ಎಂದು ಬಾಯಿ ಬಿಟ್ಟದ್ದಕ್ಕೆ ಧರೆಪ್ಪ ಅವನನ್ನು ನೋಡಿದ ನೋಟಕ್ಕೆ ಹೆದರಿ ಟಿಕೇಟು ಪುಸ್ತಕವನ್ನು ಕಿಸೆಯಲ್ಲಿ ಇಟ್ಟುಕೊಂಡುಬಿಟ್ಟ. ಹೊಂಗಲ ಸಾಹೇಬರು ಹಿಂದಿನ ಸಾಲಿನಲ್ಲಿ ಸುಮೇಧನ ಪಕ್ಕ ಕೂತರು. ಪರದೆಯ ಮುಂದೆ ಹೆಣ ಕಾಣದೆ ಮಂದಿ ಗುಸುಗುಸು ಮಾಡುವಷ್ಟರಲ್ಲಿ ದೀಪ ಆರಿತು. ಈಗೀಗ ಸತ್ತವರ ನೆನಪಿಗೆ ವಿಡಿಯೋ ಮಾಡಿಸುವುದುಂಟು, ಮೊದಲು ಅದನ್ನು ತೋರಿಸುತ್ತಾರೆ ಎಂದು ತಮ್ಮ ತಮ್ಮಲ್ಲೇ ಸಮಾಧಾನ ಮಾಡಿಕೊಂಡರು.

ಪರದೆಯ ಮೇಲೆ ಹೊಳೆ ಬಂತು. ಹೊಳೆಯ ದಂಡೆಯಲ್ಲಿ ಅಕ್ಕುತಾಯಿ ಬಂದಳು.

ಇಡೀ ಟಾಕೀಜು ಎದ್ದು ನಿಂತಿತು. ಹೆಂಗಸರು ಹಾಡಿಕೊಂಡು ಅಳತೊಡಗಿದರು. ಪರದೆಯ ಮೇಲೆ ಅವಳು ರೊಟ್ಟಿ ಬಡಿದರೆ, “ಆಕೀ ಕೈ ರೊಟ್ಟಿ ಇನ್ನ ಸಿಗೂದಿಲ್ಲವ್ವಾ” ಎಂದು ಅತ್ತರು. ಎಮ್ಮೆಯ ಮೈ ತೊಳೆದರೆ, “ಎಮ್ಮಿ ಪರದೇಶಿ ಆತು” ಎಂದು ಅತ್ತರು. ಗಂಡಸರು ಟಾವೆಲಿನಲ್ಲಿ ಮುಖ ಮುಚ್ಚಿಕೊಂಡರು. ಇಬ್ಬರು ಹೋಗಿ ಪರದೆಯ ಬುಡಕ್ಕೆ ಹೂವಿನ ಹಾರ ಇಟ್ಟು ಬಂದರು. ಕೊನೆಗೆ ಹೊಳೆ ಏರಿ ಅಕ್ಕುತಾಯಿ ಕಣ್ಣು ಮುಚ್ಚುವ ಹೊತ್ತಿಗೆ ಹೊಂಗಲ ಸಾಹೇಬರ ಕನ್ನಡಕವೂ ಒದ್ದೆಯಾಗಿತ್ತು.

“ಇಷ್ಟ ವರ್ಷ ಈ ಧಂದೆದಾಗ ಅದೀನಿ. ಮಂದಿ ಹಿಂಗ ಸಿನೆಮಾ ನೋಡಿದ್ದ ನಾ ನೋಡಿಲ್ಲ. ತಗೋತೀನಪಾ,” ಎಂದು ಅವರು ಕೈ ಚಾಚಿದರು.

ಸುಮೇಧ ಆ ಕೈ ಹಿಡಿಯಬೇಕು, ಅಷ್ಟರಲ್ಲಿ ಮುಂದಿನಿಂದ ಧರೆಪ್ಪನ ಬಾವಿಯ ದನಿ ಎದ್ದಿತು. ಅವನು ಪರದೆಯ ಬುಡದಲ್ಲಿ ಕುಸಿದಿದ್ದ.

“ಅಕ್ಕಾ, ಜೀವಂತ ಇದ್ದಾಗ ಬರಲಿಲ್ಲ ನಾ. ಕುಂಕುಮ ಹಚ್ಚಿ ಕರ್ಯಾಕ ಬರಲಿಲ್ಲ. ಒಮ್ಮಿ ಬೈದಾರ ಹೋಗಬೇ!”

ಮಷೀನ ಖೋಲಿಯ ಕಿಂಡಿಯಲ್ಲಿ ಇಷ್ಟು ಹೊತ್ತು ತನ್ನ ಮಾರಿ ನೋಡಿ ಊರೇ ಅಳುತ್ತಿದೆಯೆಂದು ಹಿಗ್ಗುತ್ತಿದ್ದ ಅಕ್ಕುತಾಯಿಗೆ ಆ ದನಿ ಕೇಳಿಸಿತು. ಅವಳು ಸಿನೆಮಾ ನೋಡುವುದನ್ನು ಅಲ್ಲಿಗೇ ಬಿಟ್ಟಳು. ದಡದಡ ಮೆಟ್ಟಿಲಿಳಿದು, ಕುರ್ಚಿಗಳ ನಡುವೆ, ಮಷೀನಿನ ಬೆಳಕಿನಲ್ಲಿ ನಡೆದು ಬಂದಳು.

“ಅಳಬ್ಯಾಡೋ ಧರೆಪ್ಪಾ. ನಾ ಇಲ್ಲೇ ಅದೀನಿ.”

ಚನ್ನವ್ವ ಕಿಟಾರನೆ ಕಿರುಚಿದಳು. ಪರದೆಯ ಮೇಲೆ ಸತ್ತು ಬಿದ್ದ ಅಕ್ಕುತಾಯಿ, ಪರದೆಯ ಕೆಳಗೆ ನಡೆದು ಬರುವ ಅಕ್ಕುತಾಯಿ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಟಾಕೀಜು ಖಾಲಿಯಾಯಿತು. ಬುತ್ತಿ ಉಳಿದವು, ಟಾವೆಲು ಉಳಿದವು, ಹೊರಗೆ ಚಪ್ಪಲಿಯೂ ಉಳಿದವು. ದುಃಖಕ್ಕೆ ಬಂದವರಲ್ಲಿ ಓಡದೆ ಉಳಿದವನು ಧರೆಪ್ಪ ಒಬ್ಬನೇ. ದೆವ್ವವಾದರೂ ಸರಿ, ಅಕ್ಕನೇ ಎಂದು ಅವಳ ಕಾಲು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಅವಳು ಅವನ ತಲೆಯ ಮೇಲೆ ಒಂದು ಬಲವಾಗಿ ಹೊಡೆದಳು. ಆಮೇಲೆ ಅವಳೂ ಅತ್ತಳು.

ಕುರ್ಚಿಯ ಮೇಲೆ ಹತ್ತಿ ನಿಂತಿದ್ದ ಹೊಂಗಲ ಸಾಹೇಬರು ನಿಧಾನಕ್ಕೆ ಇಳಿದರು. ಸುಮೇಧ ಎಲ್ಲವನ್ನೂ ಹೇಳಿದ. ಫ್ಲೆಕ್ಸು, ದೀಪ, ಅಂಗಳ, ತಾನು ಮುಚ್ಚಿಕೊಂಡ ಬಾಯಿ. ಸಾಹೇಬರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

“ಮಂದಿ ಅತ್ತದ್ದು ಆಕೀ ಸಲುವಾಗಿ. ನಿನ್ನ ಸಿನೆಮಾದ ಸಲುವಾಗಿ ಅಲ್ಲ. ಸಿನೆಮಾ ಚೊಲೊ ಇರಬಹುದು, ಆದ್ರ ನನಗ ಇನ್ನ ಹ್ಯಾಂಗ ಗೊತ್ತಾಗಬೇಕು ಹೇಳು?” ಎಂದು ಚಾ ಕೂಡ ಕುಡಿಯದೆ ಹೊರಟುಹೋದರು.

ಸುಮೇಧ ಗೋಡೆಗೆ ಒರಗಿಕೊಂಡು ಕೂತ. ಅಕ್ಕುತಾಯಿ ಮುಂದಿನ ಸಾಲಿನ ನಟ್ಟನಡುವಿನ ಕುರ್ಚಿಗೆ ಹೋಗಿ, ಪಕ್ಕದಲ್ಲಿ ತಮ್ಮನನ್ನು ಕೂಡಿಸಿಕೊಂಡು, “ಇನ್ನೊಮ್ಮೆ ಹಚ್ಚಪಾ. ಗದ್ದಲದಾಗ ಏನೂ ಕೇಳಿಸಲಿಲ್ಲ” ಎಂದಳು. ಅಣ್ಣಾಸಾಬನಿಗೂ ಮನಸ್ಸು ಕರಗಿ ಮತ್ತೆ ಹಚ್ಚಿದ. ಖಾಲಿ ಟಾಕೀಜಿನಲ್ಲಿ ಅಕ್ಕ ತಮ್ಮ ಇಬ್ಬರೇ ಕಣ್ಣು ಕೀಳದೆ ನೋಡಿದರು. ಮುಗಿದ ಮೇಲೆ ಸುಮೇಧ ಹೆದರುತ್ತಲೇ ಕೇಳಿದ.

“ಹ್ಯಾಂಗೈತಿ ಆಯಿ?”

“ಚೊಲೊ ಸತ್ತೀನಿ,” ಅಕ್ಕುತಾಯಿ ತೃಪ್ತಿಯಿಂದ ಹೇಳಿದಳು. “ಆದ್ರ ನಿನ್ನ ಸಿನೆಮಾದಾಗ ಅಳಾಕ ಮಂದೀನ ಹಾಕಿಲ್ಲ ನೋಡು. ಇವತ್ತ ಎಷ್ಟು ಮಂದಿ ಅತ್ರು!”

ಬಾಗಿಲು ತೆರೆದರೆ ಹೊರಗೆ ಊರೇ ನಿಂತಿತ್ತು. ದೆವ್ವವಲ್ಲವೆಂದು ಖಾತ್ರಿಯಾದ ಮೇಲೆ, ಸತ್ತು ಬದುಕಿದ ಹೆಂಗಸೆಂದು ಕಾಲಿಗೆ ಬೀಳಲು ಕಾದಿದ್ದರು. ಅಣ್ಣಾಸಾಬ ಸಡಗರದಿಂದ ಟಿಕೇಟು ಪುಸ್ತಕ ಹೊರತೆಗೆದು, ಸಂಜೆಯ ಆಟ ಐತ್ರೀ ಎಂದು ಕೂಗಿದ.

“ಸಿನೆಮಾ ಯಾಕ ಬೇಕ್ರೀ? ಆಕೀನ ಖುದ್ದ ಇದ್ದಾಳಲ್ಲ!” ಎಂದಳು ಚನ್ನವ್ವ.

ಅಕ್ಕುತಾಯಿಯನ್ನು ಟ್ರಾಕ್ಟರಿನಲ್ಲಿ ಕೂಡಿಸಿ ಮನೆಗೆ ಕರೆದೊಯ್ದರು. ಅಂಗಳದಲ್ಲಿ ಬುತ್ತಿ ಬಿಚ್ಚಿಕೊಂಡು ಎಲ್ಲರೂ ಕೂತರು. ಸಿನೆಮಾದ ಕತೆಯೇನು ಎಂದು ಯಾರೋ ಕೇಳಿದರು. ಅಕ್ಕುತಾಯಿ ಎದ್ದು ನಿಂತು, ಹೊಳೆ ಬಂದದ್ದು, ತಾನು ಕದಲದೆ ನಿಂತದ್ದು, ಕಣ್ಣು ಮುಚ್ಚಿದ್ದು, ಎಲ್ಲವನ್ನೂ ಮಾಡಿ ತೋರಿಸಿದಳು. ಈ ಸಲ ಮಂದಿ ಕತೆಗೇ ಅತ್ತರು. ಅದನ್ನು ನೋಡಲು ಹೊಂಗಲ ಸಾಹೇಬರು ಇರಲಿಲ್ಲ. ಟಾಕೀಜಿನಲ್ಲಿ ಅಣ್ಣಾಸಾಬ ಮರಾಠಿ ಸಿನೆಮಾ ಹಚ್ಚಿದ್ದ.

ಸುಮೇಧ ಒಬ್ಬನೇ ನಾಕೆಯ ಕಡೆ ನಡೆದ. ಆ ಫ್ಲೆಕ್ಸನ್ನಾದರೂ ಇಳಿಸಬೇಕಿತ್ತು. ಹೋಗಿ ನೋಡಿದರೆ ಬಾಳಾಸಾಬ ಆಗಲೇ ಏಣಿ ಹತ್ತಿ ಹೊಸದನ್ನು ಕಟ್ಟುತ್ತಿದ್ದ. ಕೆಂಪು, ಹಳದಿ, ಹಸಿರು. ಬಲೂನುಗಳು. ನಡುವೆ ಕಪ್ಪು ಕನ್ನಡಕ ಹಾಕಿಕೊಂಡ ಅಕ್ಕುತಾಯಿ. ಮೇಲೆ, ‘ಮರಳಿ ಬಂದ ಅಕ್ಕುತಾಯಿಯವರಿಗೆ ಹಾರ್ದಿಕ ಶುಭಾಶಯಗಳು’. ಕೆಳಗೆ ಧರೆಪ್ಪನಿಂದ ಹಿಡಿದು ಚನ್ನವ್ವನವರೆಗೆ ದುಂಡು ಮುಖಗಳ ಸಾಲು, ಮೊದಲನೆಯದು ಮತ್ತೆ ಸುಮೇಧನದೇ.

“ತಪ್ಪ ಆತ್ರೀ ಸರ, ಅದಕ್ಕ ಇದೂ ಫ್ರೀ ಮಾಡೀನಿ,” ಏಣಿಯ ಮೇಲಿಂದಲೇ ಬಾಳಾಸಾಬ ಹೇಳಿದ.

ಸುಮೇಧ ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ಹುಡುಕಿದ.

“ಸಿನೆಮಾದ ಹೆಸರೆಲ್ಲಿ?”

“ಈ ಸಲ ಒಂದ ಇಂಚೂ ಖಾಲಿ ಬಿಟ್ಟಿಲ್ಲ ನೋಡ್ರಿ,” ಬಾಳಾಸಾಬನ ಮುಖದಲ್ಲಿ ಧನ್ಯತೆಯಿತ್ತು. “ಹೆಸರಿಗೆ ಜಾಗಾ ಉಳೀಲಿಲ್ಲ.”

ಅಷ್ಟರಲ್ಲಿ ಫೋನು ಬಂತು. ರಾಯಬಾಗದಿಂದ ಯಾರೋ, ವಾಟ್ಸಾಪಿನಲ್ಲಿ ಹೊಸ ಫ್ಲೆಕ್ಸು ನೋಡಿದವರು. ನಾಳೆ ಮುಂಜಾನೆ ಒಂದು ಟೆಂಪೋ ಮಾಡಿಕೊಂಡು ಬರುವವರಿದ್ದರಂತೆ.

“ಅಕ್ಕುತಾಯಿನ ನೋಡಾಕ ಎಲ್ಲಿ ಬರಬೇಕ್ರೀ? ಟಾಕೀಜಿಗೇನು?”

ಸುಮೇಧ ಹೊಸ ಫ್ಲೆಕ್ಸನ್ನು ಇನ್ನೊಮ್ಮೆ ನೋಡಿದ. ಮುಂಜಾನೆಯಿಂದ ಹೇಳಬೇಕಾಗಿದ್ದ ನಿಜವನ್ನು ಈಗಲಾದರೂ ಹೇಳಬೇಕೆನ್ನಿಸಿತು.

“ಇಲ್ರೀ,” ಎಂದ. “ಮನೀಗೆ ಬರ್ರಿ. ಟಿಕೇಟು ಇಲ್ಲ.”